ತಿಂಗಳ ಹೊಟ್ಟೆನೋವು: ಶುಂಠಿ ಕಷಾಯ, ಬಿಸಿನೀರಿನ ಚೀಲ ನಿಜಕ್ಕೂ ಏನು ಮಾಡುತ್ತವೆ?

2025ರ ಅಕ್ಟೋಬರ್‌ನಲ್ಲಿ ಕರ್ನಾಟಕದ ಸಚಿವ ಸಂಪುಟ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತಲ್ಲ, ತಿಂಗಳಿಗೆ 1 ದಿನದಂತೆ ವರ್ಷಕ್ಕೆ 12 ದಿನ ಸಂಬಳ ಸಮೇತ ರಜೆ ಅಂತ, ಆಗಿನಿಂದ ನಮ್ಮ ಆಫೀಸಿನ ಊಟದ ಟೇಬಲ್ಲಿನ ಮಾತೇ ಬದಲಾಗಿದೆ. ಮೊದಲು ಈ ವಿಷಯ ಬಂದರೆ ಎದ್ದು ಕೈ ತೊಳೆಯಲು ಹೋಗುತ್ತಿದ್ದ ಗಂಡಸರು ಈಗ ಕೂತು ಕೇಳುತ್ತಾರೆ: "ಅಷ್ಟೊಂದು ನೋವಾಗುತ್ತಾ? ಯಾಕೆ? ಮನೇಲಿ ಏನಾದ್ರೂ ಮಾಡಿದ್ರೆ ಕಡಿಮೆ ಆಗಲ್ವಾ?"

ಕೇಳಿದ್ದು ಒಳ್ಳೆಯದೇ. ಆದರೆ ಉತ್ತರ ಹೇಳಬೇಕಾದ ನಮಗೇ ಅದು ಸರಿಯಾಗಿ ಗೊತ್ತಿರಲಿಲ್ಲ. ಹದಿಮೂರನೇ ವಯಸ್ಸಿನಿಂದ ಪ್ರತಿ ತಿಂಗಳು ಅನುಭವಿಸುತ್ತಿರುವ ನೋವು, ಅದು ಎಲ್ಲಿಂದ ಬರುತ್ತದೆ ಅಂತ ಯಾರೂ ಹೇಳಿಕೊಟ್ಟಿಲ್ಲ. ಅಜ್ಜಿ ಕಲ್ಲುಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಕೊಡುತ್ತಿದ್ದರು, ಅಮ್ಮ ಶುಂಠಿ ಕಷಾಯ, ಹಾಸ್ಟೆಲ್ಲಿನ ಗೆಳತಿ ಮಾತ್ರೆ. ಯಾವುದು ಯಾಕೆ ಕೆಲಸ ಮಾಡುತ್ತದೆ, ಯಾವುದು ಸುಮ್ನೆ ಸಮಾಧಾನಕ್ಕೆ, ಯಾವುದು ಮಾಡಲೇಬಾರದು, ಇದನ್ನೆಲ್ಲ ಬುಡದಿಂದ ನೋಡೋಣ.

ನೋವು ಎಲ್ಲಿಂದ ಬರುತ್ತದೆ?

ಗರ್ಭಕೋಶ ಅಂದರೆ ಮುಷ್ಟಿ ಗಾತ್ರದ, ಗಟ್ಟಿ ಸ್ನಾಯುವಿನ ಒಂದು ಚೀಲ. ಅದರ ಒಳಗೋಡೆಗೆ ಪ್ರತಿ ತಿಂಗಳು ಮೆತ್ತನೆಯ ಪದರವೊಂದು ಬೆಳೆಯುತ್ತದೆ, ಮಗು ನಿಂತರೆ ಹಾಸಿಗೆ ಬೇಕಲ್ಲ, ಅದಕ್ಕೆ. ಮಗು ನಿಲ್ಲದಿದ್ದರೆ ಆ ಹಾಸಿಗೆಯನ್ನು ಸುತ್ತಿ ಹೊರಗೆ ಹಾಕಬೇಕು. ಅದೇ ಮುಟ್ಟು.

ಹೊರಗೆ ಹಾಕುವುದು ಹೇಗೆ? ಹಿಂಡಿ. ಒದ್ದೆ ಬೆಡ್‌ಶೀಟನ್ನು ಇಬ್ಬರು ಎರಡು ತುದಿ ಹಿಡಿದು ಹಿಂಡುತ್ತಾರಲ್ಲ, ಹೆಚ್ಚುಕಡಿಮೆ ಹಾಗೆ. ಹಿಂಡು ಅಂತ ಸ್ನಾಯುವಿಗೆ ಆರ್ಡರ್ ಕೊಡುವುದು ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ. ಮುಟ್ಟು ಹತ್ತಿರ ಬಂದಾಗ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಇಳಿಯುತ್ತದೆ. ಅದು ಇಳಿಯುತ್ತಿದ್ದಂತೆ ಆ ಒಳಪದರದಲ್ಲೇ ಈ ಪ್ರೊಸ್ಟಗ್ಲಾಂಡಿನ್ ತಯಾರಾಗಲು ಶುರುವಾಗುತ್ತದೆ. ಕೆಲವರಲ್ಲಿ ಬೇಕಾದಷ್ಟೇ ತಯಾರಾಗುತ್ತದೆ, ಕೆಲವರಲ್ಲಿ ಸಿಕ್ಕಾಪಟ್ಟೆ. ಒಂದೇ ಮನೆಯ ಅಕ್ಕನಿಗೆ ಗೊತ್ತೇ ಆಗದೆ ಮುಗಿದು ತಂಗಿ ಮಾತ್ರ ಮುದುಡಿ ಮಲಗುವುದಕ್ಕೆ ದೊಡ್ಡ ಕಾರಣ ಇದು.

(ಒಂದು ತಮಾಷೆ: 1930ರ ದಶಕದಲ್ಲಿ ಈ ವಸ್ತುವಿಗೆ ಹೆಸರಿಟ್ಟಾಗ ಇದು ಗಂಡಸರ ಪ್ರಾಸ್ಟೇಟ್ ಗ್ರಂಥಿಯಿಂದ ಬರುತ್ತದೆ ಅಂದುಕೊಂಡಿದ್ದರು. ಹೆಸರು ಹಾಗೇ ಉಳಿಯಿತು. ಕಾಟ ಮಾತ್ರ ನಮಗೆ.)

ಸ್ನಾಯು ಜೋರಾಗಿ ಹಿಂಡಿಕೊಂಡಾಗ ಅದರೊಳಗೆ ಹೋಗುವ ರಕ್ತನಾಳಗಳೂ ಅಮುಕಿ ಹೋಗುತ್ತವೆ. ರಕ್ತ ಇಲ್ಲ ಅಂದರೆ ಆಮ್ಲಜನಕ ಇಲ್ಲ, ಆಮ್ಲಜನಕ ಇಲ್ಲ ಅಂದರೆ ನೋವು. ರಾತ್ರಿ ನಿದ್ದೆಯಲ್ಲಿ ಇದ್ದಕ್ಕಿದ್ದಂತೆ ಕಾಲಿನ ಮೀನಖಂಡ ಹಿಡಿದುಕೊಂಡು ಎದ್ದು ಕೂಗಿದ್ದು ನೆನಪಿದೆಯಾ? ಅಂಥದ್ದೇ ಒಂದು ಹಿಡಿತ ಕಿಬ್ಬೊಟ್ಟೆಯೊಳಗೆ ಬಂದು ಬಿಟ್ಟು ಬಂದು ಬಿಟ್ಟು ಎರಡು ದಿನ ನಡೆಯುತ್ತದೆ ಅಂದುಕೊಳ್ಳಿ. ಬಿ.ಪಿ. ನೋಡುವಾಗ 120 ಅಂತ ಒಂದು ಅಂಕಿ ಹೇಳುತ್ತಾರಲ್ಲ, ತೀವ್ರ ನೋವಿರುವವರಲ್ಲಿ ಗರ್ಭಕೋಶದ ಒಳಗಿನ ಒತ್ತಡ ಆ 120ನ್ನೂ ದಾಟಬಹುದು. ರಕ್ತವನ್ನು ತಳ್ಳುವ ಒತ್ತಡಕ್ಕಿಂತ ಹಿಂಡುವ ಒತ್ತಡವೇ ಜಾಸ್ತಿಯಾದರೆ ರಕ್ತ ಒಳಗೆ ಹೋಗುವುದಾದರೂ ಹೇಗೆ?

ಇನ್ನೊಂದು ಸಂಗತಿ. ಪ್ರೊಸ್ಟಗ್ಲಾಂಡಿನ್ ಗರ್ಭಕೋಶದಲ್ಲಷ್ಟೇ ಉಳಿಯುವುದಿಲ್ಲ. ಪಕ್ಕದಲ್ಲೇ ಕರುಳಿದೆ, ಅದರ ಸ್ನಾಯುವಿಗೂ "ಹಿಂಡು" ಅನ್ನುತ್ತದೆ. ಹಾಗಾಗಿಯೇ ಮೊದಲ ದಿನ ಹಲವರಿಗೆ ಭೇದಿ. ಸ್ವಲ್ಪ ರಕ್ತಕ್ಕೂ ಸೇರಿಕೊಂಡು ವಾಕರಿಕೆ, ತಲೆನೋವು, ಸುಸ್ತು ತರುತ್ತದೆ. "ಹೊಟ್ಟೆನೋವು ಸರಿ, ವಾಂತಿ ಯಾಕೆ? ನಾಟಕ" ಅಂದವರನ್ನು ನಾನು ಕೇಳಿದ್ದೇನೆ. ನಾಟಕ ಅಲ್ಲ, ಒಂದೇ ರಾಸಾಯನಿಕದ ಬೇರೆ ಬೇರೆ ಕೆಲಸ.

ಎರಡು ಬಗೆಯ ನೋವು, ಇದನ್ನು ಮೊದಲು ಬೇರೆ ಮಾಡಿಕೊಳ್ಳಿ

ಮನೆಮದ್ದಿನ ಮಾತಿಗೆ ಹೋಗುವ ಮೊದಲು ಇದು ಗೊತ್ತಿರಲೇಬೇಕು, ಯಾಕೆಂದರೆ ಕಷಾಯ ಒಂದು ಬಗೆಗೆ ಮಾತ್ರ ನಾಟುತ್ತದೆ.

ಮೊದಲನೆಯದು ಈಗ ಹೇಳಿದ್ದು. ಬೇರೇನೂ ರೋಗವಿಲ್ಲ, ಪ್ರೊಸ್ಟಗ್ಲಾಂಡಿನ್ ಜಾಸ್ತಿ, ಅಷ್ಟೇ. ಇದು ಸಾಮಾನ್ಯವಾಗಿ ದೊಡ್ಡವಳಾದ ತಕ್ಷಣ ಶುರುವಾಗುವುದಿಲ್ಲ. ಆರೇಳು ತಿಂಗಳೋ ಒಂದು ವರ್ಷವೋ ಕಳೆದು, ಅಂಡಾಣು ಬಿಡುಗಡೆ ಒಂದು ಲಯಕ್ಕೆ ಬಂದ ಮೇಲೆ ಶುರುವಾಗುತ್ತದೆ. ಸ್ರಾವದ ಜೊತೆಗೋ ಅದಕ್ಕೆ ಕೆಲವು ಗಂಟೆ ಮುಂಚೆಯೋ ನೋವು ಬರುತ್ತದೆ, ಎರಡು ಮೂರು ದಿನದಲ್ಲಿ ಹೋಗುತ್ತದೆ. ಕಿಬ್ಬೊಟ್ಟೆಯಿಂದ ಸೊಂಟಕ್ಕೆ, ತೊಡೆಗೆ ಇಳಿಯುತ್ತದೆ. ವಯಸ್ಸಾಗುತ್ತಾ ಎಷ್ಟೋ ಜನರಿಗೆ ತಾನಾಗಿ ಕಡಿಮೆಯಾಗುತ್ತದೆ, ಹೆರಿಗೆಯ ನಂತರವೂ ಕೆಲವರಿಗೆ ಕಡಿಮೆಯಾಗುತ್ತದೆ. "ಮದುವೆ ಆದ್ರೆ ಎಲ್ಲಾ ಸರಿಹೋಗುತ್ತೆ" ಅನ್ನುವ ಮಾತು ಬಹುಶಃ ಇದನ್ನು ನೋಡಿಯೇ ಹುಟ್ಟಿರಬೇಕು. ಆದರೆ ತಾಳಿಗೂ ಗರ್ಭಕೋಶದ ಸ್ನಾಯುವಿಗೂ ಏನೂ ಸಂಬಂಧ ಇಲ್ಲ, ಮಗುವಾದ ಮೇಲೂ ನೋವು ಹಾಗೇ ಉಳಿದವರು ಬೇಕಾದಷ್ಟು ಜನ ಇದ್ದಾರೆ.

ಎರಡನೆಯದು, ಒಳಗೆ ಬೇರೆ ತೊಂದರೆ ಇದ್ದು ಅದರಿಂದ ಬರುವ ನೋವು. ಗರ್ಭಕೋಶದ ಒಳಪದರದಂಥದ್ದೇ ಪದರ ಹೊರಗೆ, ಅಂಡಾಶಯದ ಮೇಲೋ ಕರುಳಿನ ಸುತ್ತಲೋ ಬೆಳೆಯುವ ಎಂಡೊಮೆಟ್ರಿಯೋಸಿಸ್, ಆ ಪದರ ಗರ್ಭಕೋಶದ ಗೋಡೆಯೊಳಗೇ ನುಗ್ಗುವ ಅಡಿನೋಮಯೋಸಿಸ್, ಫೈಬ್ರಾಯ್ಡ್ ಗಡ್ಡೆ, ಸೋಂಕು, ಇಂಥವು. ಎಂಡೊಮೆಟ್ರಿಯೋಸಿಸ್ ಅಪರೂಪದ ಕಾಯಿಲೆ ಅಲ್ಲ. ಮುಟ್ಟಾಗುವ ವಯಸ್ಸಿನ ಹೆಂಗಸರು, ಹುಡುಗಿಯರಲ್ಲಿ 100ಕ್ಕೆ ಸುಮಾರು 10 ಜನರಿಗೆ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಗೊತ್ತಾಗುವುದಕ್ಕೆ ಮಾತ್ರ ವರ್ಷಗಳೇ ಹಿಡಿಯುತ್ತವೆ, ಯಾಕೆಂದರೆ "ಎಲ್ಲರಿಗೂ ಆಗುತ್ತೆ, ತಡ್ಕೋ" ಅನ್ನುವ ಮಾತು ಮನೆಯಲ್ಲೂ ಕೇಳಿಸುತ್ತದೆ, ಕೆಲವು ಸಲ ಕ್ಲಿನಿಕ್ಕಿನಲ್ಲೂ ಕೇಳಿಸುತ್ತದೆ.

ಎರಡನ್ನೂ ಬೇರೆ ಮಾಡುವ ಗುರುತುಗಳನ್ನು ಕೊನೆಯಲ್ಲಿ ಹೇಳುತ್ತೇನೆ. ಈಗ ಮೊದಲ ಬಗೆಯ ನೋವಿಗೆ ಏನು ಮಾಡಬಹುದು ಅನ್ನುವುದನ್ನು ನೋಡೋಣ.

ಹಾಲು ಉಕ್ಕುವ ಮೊದಲು

ಮನೆಮದ್ದು ಕೆಲಸ ಮಾಡಲ್ಲ ಅನ್ನುವವರಲ್ಲಿ ತುಂಬಾ ಜನ ಅದನ್ನು ತಡವಾಗಿ ಮಾಡುತ್ತಾರೆ. ನಾನೂ ಹಾಗೇ ಮಾಡುತ್ತಿದ್ದೆ. ನೋವು ತಾರಕಕ್ಕೆ ಏರಿ, ಮಲಗಿದಲ್ಲೇ ಹೊರಳಾಡುತ್ತಿರುವಾಗ ಯಾರೋ ಕಷಾಯ ತಂದು ಕೊಡುವುದು, ಎರಡು ಗುಟುಕು ಕುಡಿದು "ಏನೂ ಆಗ್ಲಿಲ್ಲ" ಅನ್ನುವುದು.

ಒಲೆಯ ಮೇಲೆ ಹಾಲಿಟ್ಟಿದ್ದೀರಿ. ಅಂಚಿಗೆ ನೊರೆ ಬರುತ್ತಿರುವಾಗ ಉರಿ ಸಣ್ಣ ಮಾಡಿದರೆ ಕೆಲಸ ಮುಗಿಯಿತು. ಉಕ್ಕಿದ ಮೇಲೆ ಉರಿ ಆರಿಸಿದರೆ? ಆರಿಸಬೇಕು, ಆದರೆ ಕಟ್ಟೆ ಒರೆಸುವ ಕೆಲಸ ತಪ್ಪುವುದಿಲ್ಲ. ಪ್ರೊಸ್ಟಗ್ಲಾಂಡಿನ್ ಕೂಡ ಹೀಗೆಯೇ. ತಯಾರಾಗುವುದನ್ನು ತಡೆಯುವುದು ಸುಲಭ, ತಯಾರಾಗಿ ಸ್ನಾಯುವಿಗೆ ಆರ್ಡರ್ ಕೊಟ್ಟಾದ ಮೇಲೆ ವಾಪಸ್ ತೆಗೆದುಕೊಳ್ಳುವುದು ಕಷ್ಟ. ಶುಂಠಿಯಾಗಲಿ ಮಾತ್ರೆಯಾಗಲಿ, ತಯಾರಿಯನ್ನೇ ತಡೆಯುವಂಥವನ್ನು ಮೊದಲ ಸುಳಿವು ಸಿಕ್ಕಾಗಲೇ, ಅಂದರೆ ಸೊಂಟ ಸೆಳೆಯಲು ಶುರುವಾದಾಗ ಅಥವಾ ಸ್ರಾವ ಕಂಡ ತಕ್ಷಣ ತೆಗೆದುಕೊಳ್ಳಬೇಕು. ತಿಂಗಳು ತಪ್ಪದೆ ದಿನಕ್ಕೆ ಸರಿಯಾಗಿ ಆಗುವವರು ಶುಂಠಿಯನ್ನು ಒಂದು ದಿನ ಮುಂಚೆಯೇ ಶುರು ಮಾಡಬಹುದು. ಶಾಖದ್ದು ಬೇರೆ ಲೆಕ್ಕ, ಅದನ್ನು ಯಾವಾಗ ಕೊಟ್ಟರೂ ಹಿತ.

ಶಾಖ: ಅಜ್ಜಿಗೆ ಪೂರ್ತಿ ಮಾರ್ಕ್ಸು

ಮನೆಮದ್ದುಗಳಲ್ಲಿ ಒಂದೇ ಒಂದು ಆರಿಸಿಕೋ ಅಂದರೆ ನಾನು ಇದನ್ನೇ ಆರಿಸುತ್ತೇನೆ. 2001ರಲ್ಲಿ ಅಮೆರಿಕದಲ್ಲಿ ಒಂದು ಪ್ರಯೋಗ ಮಾಡಿದರು. ಸುಮಾರು 39 ಡಿಗ್ರಿ ಬಿಸಿಯಿರುವ ಪಟ್ಟಿಯನ್ನು ಕಿಬ್ಬೊಟ್ಟೆಗೆ ದಿನಕ್ಕೆ 12 ಗಂಟೆ ಕಟ್ಟಿದರು. ಆ ಬಿಸಿ, ನೋವಿನ ಮಾತ್ರೆ ಐಬುಪ್ರೊಫೆನ್ ಕೊಟ್ಟಷ್ಟೇ ಆರಾಮ ಕೊಟ್ಟಿತು. ಎರಡನ್ನೂ ಒಟ್ಟಿಗೆ ಕೊಟ್ಟವರಿಗೆ ಆರಾಮ ಬೇಗ ಸಿಕ್ಕಿತು. ಅದು ಸಣ್ಣ ಪ್ರಯೋಗ, ನಿಜ. ಆದರೆ ಆಮೇಲೆ ಬಂದವೂ ಹೆಚ್ಚುಕಡಿಮೆ ಅದೇ ದಿಕ್ಕಿನಲ್ಲಿವೆ.

39 ಡಿಗ್ರಿ ಅಂದರೆ ಎಷ್ಟು? ಜ್ವರ ಬಂದವರ ಹಣೆ ಮುಟ್ಟಿದಷ್ಟು. ಸುಡುವಂಥ ಬಿಸಿ ಬೇಡವೇ ಬೇಡ, ಹದವಾದ ಬಿಸಿ ತುಂಬಾ ಹೊತ್ತು ಇರಬೇಕು. ಬಿಸಿಗೆ ಬಿಗಿದ ಸ್ನಾಯು ಸಡಿಲವಾಗುತ್ತದೆ, ರಕ್ತನಾಳ ಅಗಲವಾಗುತ್ತದೆ, ಆಮ್ಲಜನಕ ಒಳಗೆ ಹೋಗುತ್ತದೆ. ಇನ್ನೊಂದು ಕಡೆ, ಚರ್ಮದಿಂದ ಹೋಗುವ "ಬೆಚ್ಚಗಿದೆ" ಅನ್ನುವ ಸುದ್ದಿ ಬೆನ್ನುಹುರಿಯಲ್ಲಿ ನೋವಿನ ಸುದ್ದಿಗೆ ಅಡ್ಡ ನಿಲ್ಲುತ್ತದೆ. ಮೊಣಕೈ ಗೋಡೆಗೆ ಬಡಿದಾಗ ತಕ್ಷಣ ಉಜ್ಜಿಕೊಳ್ಳುತ್ತೇವಲ್ಲ, ಅದರ ಹಿಂದಿರುವುದೂ ಇದೇ ಉಪಾಯ.

ಯಾವುದರಿಂದ ಕೊಟ್ಟರೂ ಆಗುತ್ತದೆ. ರಬ್ಬರ್ ಚೀಲವಾದರೆ ಕುದಿಯುವ ನೀರು ಹಾಕಬೇಡಿ, ಮುಕ್ಕಾಲಿಗಿಂತ ಕಡಿಮೆ ತುಂಬಿಸಿ, ಗಾಳಿ ಹೊರಗೆ ಬಿಟ್ಟು ಬಿರಡೆ ಹಾಕಿ, ಮೇಲೆ ಟವೆಲ್ ಸುತ್ತಿ. ವರ್ಷಗಟ್ಟಲೆ ಬೀರುವಿನಲ್ಲಿದ್ದ ಚೀಲದ ರಬ್ಬರ್ ಬಿರುಕು ಬಿಟ್ಟಿದೆಯಾ ಅಂತ ಒಮ್ಮೆ ನೋಡಿ, ಒಡೆದು ಹೊಟ್ಟೆ ಸುಟ್ಟುಕೊಂಡವರಿದ್ದಾರೆ. ಕರೆಂಟಿನ ಜೆಲ್ ಚೀಲವಾದರೆ ಪ್ಲಗ್ ತೆಗೆದ ಮೇಲೆಯೇ ಮೈಗೆ ಇಟ್ಟುಕೊಳ್ಳಿ. ಕಲ್ಲುಪ್ಪನ್ನು ಹಂಚಿನಲ್ಲಿ ಹುರಿದು ದಪ್ಪ ಕಾಟನ್ ಬಟ್ಟೆಯಲ್ಲಿ ಗಂಟು ಕಟ್ಟಿದರೂ ಸಾಕು, ಮೊದಲು ಕೈಯ ಮೇಲೆ ಒತ್ತಿ ನೋಡಿ. ಹಾಸ್ಟೆಲ್ಲಿನಲ್ಲಿ ಇವು ಯಾವುವೂ ಇಲ್ಲದಾಗ ಸ್ಟೀಲ್ ಬಾಟಲಿಗೆ ಬಿಸಿನೀರು ಹಾಕಿ ದುಪಟ್ಟಾ ಸುತ್ತಿಕೊಂಡು ಮಲಗುತ್ತಿದ್ದೆವು. ಆಫೀಸಿಗೆ ಹೋಗಲೇಬೇಕಾದವರಿಗೆ ಬಟ್ಟೆಯ ಒಳಗೆ ಅಂಟಿಸಿಕೊಳ್ಳುವ ಹೀಟ್ ಪ್ಯಾಚ್ ಮೆಡಿಕಲ್ ಸ್ಟೋರಿನಲ್ಲಿ ಸಿಗುತ್ತದೆ.

ಬಿಸಿನೀರಿನ ಸ್ನಾನವೂ ಶಾಖವೇ. ಮುಟ್ಟಾದಾಗ ತಲೆಗೆ ನೀರು ಹಾಕಬಾರದು ಅಂತ ಕೆಲವು ಮನೆಗಳಲ್ಲಿ ಹೇಳುತ್ತಾರೆ, ಅದಕ್ಕೆ ವೈದ್ಯಕೀಯವಾಗಿ ಆಧಾರ ಇಲ್ಲ.

ಒಂದು ಎಚ್ಚರಿಕೆ. ತಿಂಗಳು ತಿಂಗಳು ಒಂದೇ ಜಾಗಕ್ಕೆ ಜಾಸ್ತಿ ಬಿಸಿ ಇಟ್ಟರೆ ಚರ್ಮದ ಮೇಲೆ ಮೀನು ಬಲೆಯಂಥ ಕಂದು ಗೆರೆ ಮೂಡುತ್ತದೆ. ಕಂಡರೆ ಬಿಸಿ ಕಡಿಮೆ ಮಾಡಿ. ಆದರೆ ಅದಕ್ಕಿಂತ ಮುಖ್ಯ, ಅಷ್ಟು ಬಿಸಿ ನಿಮಗೆ ಯಾಕೆ ಬೇಕಾಗುತ್ತಿದೆ ಅಂತ ಡಾಕ್ಟರಿಗೆ ಕೇಳಿ.

ಶುಂಠಿ, ಮತ್ತು ಅಡುಗೆಮನೆಯ ಉಳಿದ ಡಬ್ಬಿಗಳು

ಒಗ್ಗರಣೆ ಡಬ್ಬಿ ತೆಗೆದರೆ ನಮ್ಮಲ್ಲಿ ಮುಟ್ಟಿನ ನೋವಿಗೆ ಹೇಳದೇ ಇರುವ ಸಾಮಾನು ಒಂದೂ ಸಿಗುವುದಿಲ್ಲ. ಜೀರಿಗೆ, ಓಮ, ಮೆಂತ್ಯ, ಇಂಗು, ಸೋಂಪು, ದಾಲ್ಚಿನ್ನಿ, ಒಣಶುಂಠಿ. ಇವುಗಳಲ್ಲಿ ಹೆಚ್ಚು ಪರೀಕ್ಷೆಗೆ ಒಳಗಾಗಿರುವುದು ಶುಂಠಿ. ಪರೀಕ್ಷೆ ಮಾಡಿದವರಲ್ಲಿ ಇರಾನಿನವರೇ ಜಾಸ್ತಿ. ಅಲ್ಲಿ 2009ರಲ್ಲಿ ಕಾಲೇಜು ಹುಡುಗಿಯರನ್ನು ಮೂರು ಗುಂಪು ಮಾಡಿ ಒಂದಕ್ಕೆ ಶುಂಠಿ ಪುಡಿಯ ಕ್ಯಾಪ್ಸೂಲ್, ಇನ್ನೊಂದಕ್ಕೆ ಮೆಫೆನಮಿಕ್ ಆಸಿಡ್ ಎಂಬ ನೋವಿನ ಮಾತ್ರೆ, ಮತ್ತೊಂದಕ್ಕೆ ಐಬುಪ್ರೊಫೆನ್ ಕೊಟ್ಟು ನೋಡಿದರು. ಮೂರೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ನೋವು ಇಳಿಸಿದವು. ಶುಂಠಿಯ ಖಾರದ ಅಂಶಗಳು ಪ್ರೊಸ್ಟಗ್ಲಾಂಡಿನ್ ತಯಾರಿಯನ್ನು ಸ್ವಲ್ಪ ಮಟ್ಟಿಗೆ ತಡೆಯುತ್ತವೆ, ಅಂದರೆ ಮಾತ್ರೆ ಮಾಡುವ ಕೆಲಸವನ್ನೇ ಮೆತ್ತಗೆ ಮಾಡುತ್ತವೆ. ವಾಕರಿಕೆಗೂ ಒಳ್ಳೆಯದು, ಅದೊಂದು ಲಾಭ.

ಇಂಥ ಪ್ರಯೋಗಗಳಲ್ಲಿ ಕೊಟ್ಟ ಪ್ರಮಾಣ ದಿನಕ್ಕೆ 750ರಿಂದ 2000 ಮಿಲಿಗ್ರಾಂ ಒಣಶುಂಠಿ ಪುಡಿ, ಮೊದಲ ಮೂರು ನಾಲ್ಕು ದಿನ ಮಾತ್ರ. ಅಡುಗೆಮನೆ ಲೆಕ್ಕದಲ್ಲಿ ಹೇಳಬೇಕೆಂದರೆ ದಿನವಿಡೀ ಸೇರಿ ಅರ್ಧದಿಂದ ಒಂದು ಟೀ ಚಮಚ. ಅದನ್ನು ಎರಡು ಮೂರು ಸಲಕ್ಕೆ ಹಂಚಿಕೊಳ್ಳಿ. ಒಂದು ಲೋಟ ನೀರಿಗೆ ಕಾಲು ಚಮಚ ಪುಡಿ ಹಾಕಿ ಕುದಿಸಿ, ಬೆಲ್ಲ ಸೇರಿಸಿ, ಬೇಕಾದರೆ ಹಾಲು. ಹಸಿ ಶುಂಠಿಯಾದರೆ ಹೆಬ್ಬೆರಳಿನ ತುದಿಯಷ್ಟು ಜಜ್ಜಿ ಹಾಕಿ. ಚಹಾಗೆ ಎರಡು ಚೂರು ಶುಂಠಿ ಹಾಕಿ "ಶುಂಠಿ ತಗೊಂಡೆ" ಅಂದರೆ ಲೆಕ್ಕಕ್ಕೆ ಬರುವುದಿಲ್ಲ. ಎದೆಯುರಿ ಇರುವವರು ಖಾಲಿ ಹೊಟ್ಟೆಗೆ ಕುಡಿಯಬೇಡಿ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಪುಡಿಯ ಪ್ರಮಾಣ ಹೆಚ್ಚಿಸಬೇಡಿ.

ಮೆಂತ್ಯ, ಸೋಂಪು, ದಾಲ್ಚಿನ್ನಿ, ಇವಕ್ಕೂ ಒಂದೆರಡು ಸಣ್ಣ ಪ್ರಯೋಗಗಳಿವೆ, ಸ್ವಲ್ಪ ಸಹಾಯ ಆಗಬಹುದು ಅನ್ನುವಷ್ಟು. 2016ರಲ್ಲಿ, ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯವರು ಇಂಥ ಎಲ್ಲ ಗಿಡಮೂಲಿಕೆ, ವಿಟಮಿನ್ನುಗಳ ಪ್ರಯೋಗಗಳನ್ನು ಒಟ್ಟಿಗೆ ಹರಡಿಕೊಂಡು ನೋಡಿದರು. ಶುಂಠಿಯೂ ಸೇರಿ ಯಾವುದಕ್ಕೂ ಗಟ್ಟಿ ಪುರಾವೆ ಇಲ್ಲ, ಕೆಲವಕ್ಕೆ ಅಲ್ಪಸ್ವಲ್ಪ ಇದೆ ಎಂದರು. ಇದನ್ನು "ಕೆಲಸ ಮಾಡಲ್ಲ" ಅಂತ ಓದಿಕೊಳ್ಳಬೇಡಿ, "ದೊಡ್ಡದಾಗಿ, ಸರಿಯಾಗಿ ಯಾರೂ ಪರೀಕ್ಷೆ ಮಾಡಿಲ್ಲ" ಅಂತ ಓದಿಕೊಳ್ಳಿ. ಹೆಂಗಸರ ಹೊಟ್ಟೆನೋವಿಗೆ ಜೀರಿಗೆ ಕೊಟ್ಟು ನೋಡಲು ಯಾವ ಔಷಧ ಕಂಪನಿ ದುಡ್ಡು ಹಾಕುತ್ತದೆ ಹೇಳಿ?

ಜೀರಿಗೆ, ಓಮ, ಇಂಗು ಮುಖ್ಯವಾಗಿ ಹೊಟ್ಟೆಯುಬ್ಬರಕ್ಕೆ. ಮುಟ್ಟಿನ ದಿನಗಳಲ್ಲಿ ಕರುಳೂ ಗಲಾಟೆ ಮಾಡುವುದರಿಂದ ಗ್ಯಾಸ್ ತುಂಬಿ ನೋವು ದುಪ್ಪಟ್ಟಾಗಿ ಕಾಣುತ್ತದೆ. ಇಂಗು ಹಾಕಿದ ಮಜ್ಜಿಗೆ ಕುಡಿದು ಹಗುರ ಅನಿಸಿದರೆ ಕುಡಿಯಿರಿ, ನಷ್ಟ ಏನಿಲ್ಲ. ಅಂದಹಾಗೆ ಮಜ್ಜಿಗೆ, ಮೊಸರು, ಹುಳಿ, ತಣ್ಣೀರು ಇವನ್ನು ಬಿಟ್ಟರೆ ನೋವು ಕಡಿಮೆಯಾಗುತ್ತದೆ ಅನ್ನುವುದಕ್ಕೂ ಪುರಾವೆ ಇಲ್ಲ.

ಎಳ್ಳುಂಡೆ, ಬೆಲ್ಲ, ರಾಗಿ ಇವು ನೋವಿನ ಮದ್ದಲ್ಲ, ಊಟ. ಆದರೂ ಒಳ್ಳೆಯ ಊಟ, ಯಾಕೆಂದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಭಾರತದ ಹೆಂಗಸರಲ್ಲಿ 100ಕ್ಕೆ 57 ಜನರಿಗೆ ರಕ್ತಹೀನತೆ ಕಂಡಿತು. ಸುಸ್ತಿಗೆ ಅದು ದೊಡ್ಡ ಕಾರಣ. ಆದರೆ ರಕ್ತಹೀನತೆ ಇದೆ ಅಂತ ಗೊತ್ತಾದ ಮೇಲೆ ಬೆಲ್ಲ ತಿಂದು ಸರಿಮಾಡುತ್ತೇನೆ ಅಂತ ಕೂರಬೇಡಿ, ಅದಕ್ಕೆ ಕಬ್ಬಿಣಾಂಶದ ಮಾತ್ರೆಯೇ ಬೇಕು.

ಹರಳೆಣ್ಣೆ: ಹೊಟ್ಟೆಯ ಮೇಲೆ ಸರಿ, ಹೊಟ್ಟೆಯೊಳಗೆ ಬೇಡ

ಬೆಚ್ಚಗಿನ ಹರಳೆಣ್ಣೆ ಕಿಬ್ಬೊಟ್ಟೆಗೆ, ಸೊಂಟಕ್ಕೆ ಹಚ್ಚಿ ಮೆಲ್ಲಗೆ ತಿಕ್ಕುವುದು ನಮ್ಮಲ್ಲಿ ಹಳೆಯ ರೂಢಿ. ಹಿತವಾಗುತ್ತದೆ. ಅದು ಎಣ್ಣೆಯ ಗುಣಕ್ಕಿಂತ ಹೆಚ್ಚಾಗಿ ಬಿಸಿಯ ಮತ್ತು ತಿಕ್ಕುವ ಕೈಯ ಗುಣ ಇರಬಹುದು, ಕೊಬ್ಬರಿ ಎಣ್ಣೆಯಾದರೂ ನಡೆಯುತ್ತದೆ.

ಕುಡಿಯುವುದು ಬೇರೆ ಮಾತು. "ಹೊಟ್ಟೆ ಕ್ಲೀನ್ ಆದ್ರೆ ನೋವು ಹೋಗುತ್ತೆ" ಅಂತ ಹರಳೆಣ್ಣೆ ಕುಡಿಸುವ ಮನೆಗಳಿವೆ. ಈ ಎಣ್ಣೆಯಿಂದ ಬರುವ ಒಂದು ಆಮ್ಲ, ಪ್ರೊಸ್ಟಗ್ಲಾಂಡಿನ್ ಬಂದು ಕೂರುವ ಜಾಗಗಳಲ್ಲಿ ಒಂದರಲ್ಲಿ ತಾನೇ ಹೋಗಿ ಕೂತು ಕರುಳನ್ನೂ ಗರ್ಭಕೋಶವನ್ನೂ ಹಿಂಡಿಸುತ್ತದೆ ಎಂದು 2012ರಲ್ಲಿ ಇಲಿಗಳ ಮೇಲಿನ ಅಧ್ಯಯನದಲ್ಲಿ ಕಂಡಿದ್ದಾರೆ. ಹೆರಿಗೆ ನೋವು ಬರಿಸಲು ಹಿಂದೆ ಹರಳೆಣ್ಣೆ ಕುಡಿಸುತ್ತಿದ್ದದ್ದು ನೆನಪಿಸಿಕೊಳ್ಳಿ, ಕಾರಣ ಅರ್ಥವಾಗುತ್ತದೆ. ಹಿಂಡಿಕೊಳ್ಳುತ್ತಿರುವ ಹೊಟ್ಟೆಗೆ ಇನ್ನಷ್ಟು ಹಿಂಡು ಅನ್ನುವುದು ಯಾವ ನ್ಯಾಯ?

ಮೈ ಅಲುಗಾಡಿಸುವುದು

ನೋವಿದ್ದಾಗ ವ್ಯಾಯಾಮ ಅಂದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಆದರೆ ಇದು ಆ ದಿನದ ಮದ್ದಲ್ಲ, ಉಳಿದ ಇಪ್ಪತ್ತೈದು ದಿನದ ಮದ್ದು. ವಾರಕ್ಕೆ ಮೂರು ದಿನವಾದರೂ 45ರಿಂದ 60 ನಿಮಿಷ ಚುರುಕು ನಡಿಗೆ, ಯೋಗ, ಆಟ, ಏನಾದರೊಂದು ಮಾಡಿದವರಲ್ಲಿ ಮುಟ್ಟಿನ ನೋವು, 100 ಅಂಕದ ಅಳತೆಯಲ್ಲಿ, ಸುಮಾರು 25 ಅಂಕ ಇಳಿದಿತ್ತು ಎಂದು 2019ರ ಇನ್ನೊಂದು ಕಾಕ್ರೇನ್ ಪರಿಶೀಲನೆ ಹೇಳುತ್ತದೆ. ಮೂಲ ಪ್ರಯೋಗಗಳು ಸಣ್ಣವೇ, ಆದರೂ 25 ಸಣ್ಣ ಅಂಕ ಅಲ್ಲ. ಮುಟ್ಟಿನ ದಿನವೇ ಏನಾದರೂ ಮಾಡಬೇಕು ಅನಿಸಿದರೆ ಮಂಡಿಯೂರಿ ಮುಂದಕ್ಕೆ ಬಾಗಿ ಹಣೆ ನೆಲಕ್ಕೆ ತಾಗಿಸುವ ಬಾಲಾಸನ, ಕೆಳಗೊಂದು ದಿಂಬು ಇಟ್ಟುಕೊಂಡು. ಆಗದಿದ್ದರೆ ಬಿಡಿ, ಮಲಗಿ.

ಮಾತ್ರೆ ತಗೊಂಡ್ರೆ ತಪ್ಪಾ?

ತಪ್ಪಲ್ಲ. "ಮಾತ್ರೆ ತಗೊಂಡ್ರೆ ಮುಂದೆ ಮಕ್ಕಳಾಗಲ್ಲ" ಅಂತ ಹೆದರಿಸಿ ಎಷ್ಟೋ ಹುಡುಗಿಯರನ್ನು ವರ್ಷಗಟ್ಟಲೆ ನರಳಿಸಿದ್ದಾರೆ. ತಿಂಗಳಿಗೆ ಎರಡು ಮೂರು ದಿನ, ಹೇಳಿದ ಪ್ರಮಾಣದಲ್ಲಿ ತೆಗೆದುಕೊಳ್ಳುವ ನೋವಿನ ಮಾತ್ರೆಯಿಂದ ಹಾಗೆ ಆಗುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ. ಐಬುಪ್ರೊಫೆನ್, ಮೆಫೆನಮಿಕ್ ಆಸಿಡ್ ಜಾತಿಯ ಮಾತ್ರೆಗಳು ಪ್ರೊಸ್ಟಗ್ಲಾಂಡಿನ್ ತಯಾರಿಯನ್ನೇ ತಡೆಯುತ್ತವೆ, ಹಾಗಾಗಿ ಈ ನೋವಿಗೆ ಇವು ನೇರ ಮದ್ದು. ಪ್ಯಾರಾಸಿಟಮಾಲ್ ಆ ಕೆಲಸದಲ್ಲಿ ಅಷ್ಟು ಚುರುಕಲ್ಲ. ಆಸ್ಪಿರಿನ್ ಮತ್ತು ಅದರ ನೆಂಟರು ಹೀಗೆ ಕೆಲಸ ಮಾಡುತ್ತವೆ ಅಂತ 1971ರಲ್ಲಿ ಕಂಡುಹಿಡಿದ ಜಾನ್ ವೇನ್, ಪ್ರೊಸ್ಟಗ್ಲಾಂಡಿನ್ ಬಗ್ಗೆ ಕೆಲಸ ಮಾಡಿದ ಇನ್ನಿಬ್ಬರ ಜೊತೆ 1982ರಲ್ಲಿ ನೊಬೆಲ್ ಪಡೆದರು.

ಎಚ್ಚರಿಕೆ ಮಾತ್ರ ಇರಲಿ. ಹೊಟ್ಟೆಗೆ ಏನಾದರೂ ಹಾಕಿಕೊಂಡೇ ತೆಗೆದುಕೊಳ್ಳಿ. ಅಲ್ಸರ್, ಕಿಡ್ನಿ ತೊಂದರೆ, ಇಂಥ ಮಾತ್ರೆಗೆ ಉಬ್ಬಸ ಬರುವ ತೊಂದರೆ ಇರುವವರು ಡಾಕ್ಟರ್ ಹೇಳದೆ ಮುಟ್ಟಬೇಡಿ. ಬಸಿರಿನ ಅನುಮಾನ ಇದ್ದರೂ ಬೇಡ. ಮಳೆಗಾಲದಲ್ಲಿ ಜ್ವರವೂ ಇದ್ದು ಡೆಂಗಿ ಇರಬಹುದು ಅನಿಸಿದರೆ ಇವು ಖಂಡಿತ ಬೇಡ, ರಕ್ತಸ್ರಾವದ ಅಪಾಯ ಇದೆ. ನಮ್ಮಲ್ಲಿ ಮನೆಮಾತಾಗಿರುವ ಮೆಫ್ಟಾಲ್‌ನಲ್ಲಿ ಇರುವುದು ಮೆಫೆನಮಿಕ್ ಆಸಿಡ್. 2023ರ ಕೊನೆಯಲ್ಲಿ, ಔಷಧಗಳ ಗುಣಮಟ್ಟ, ಸುರಕ್ಷತೆ ನೋಡುವ ಸರ್ಕಾರಿ ಸಂಸ್ಥೆಯಾದ ಭಾರತೀಯ ಫಾರ್ಮಕೋಪಿಯ ಆಯೋಗ ಇದರ ಬಗ್ಗೆ ಒಂದು ಸೂಚನೆ ಕೊಟ್ಟಿತು: ಅಪರೂಪಕ್ಕೆ ಕೆಲವರಿಗೆ ತೀವ್ರ ಅಲರ್ಜಿ ಆಗಬಹುದು, ಮೈಮೇಲೆ ದದ್ದು, ಜ್ವರ, ಒಳಗಿನ ಅಂಗಗಳಿಗೂ ಪೆಟ್ಟು. ನಿಷೇಧ ಅಲ್ಲ, ಗಮನವಿಡಿ ಅನ್ನುವ ಸೂಚನೆ. ಮಾತ್ರೆ ಶುರು ಮಾಡಿದ ಎರಡರಿಂದ ಎಂಟು ವಾರದೊಳಗೆ ಹಾಗೇನಾದರೂ ಕಂಡರೆ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಇನ್ನೊಬ್ಬರ ಪರ್ಸಿನಿಂದ ಮಾತ್ರೆ ಎತ್ತಿಕೊಂಡು ನುಂಗುವ ಅಭ್ಯಾಸ (ನನಗೂ ಇತ್ತು) ಬಿಡುವುದು ಒಳ್ಳೆಯದು.

ಕಷಾಯ ಪಕ್ಕಕ್ಕಿಟ್ಟು ಡಾಕ್ಟರ್ ಹತ್ತಿರ ಹೋಗಬೇಕಾದದ್ದು ಯಾವಾಗ?

ಮೊದಲು ತಕ್ಷಣ ಹೊರಡಬೇಕಾದವು: ಇದ್ದಕ್ಕಿದ್ದಂತೆ ಒಂದೇ ಪಕ್ಕದಲ್ಲಿ ಚಾಕು ಹಾಕಿದಂಥ ನೋವು, ನೋವಿನ ಜೊತೆ ಜ್ವರ, ತಲೆಸುತ್ತಿ ಬೀಳುವುದು, ತಿಂಗಳು ತಪ್ಪಿ ಆಮೇಲೆ ನೋವಿನೊಂದಿಗೆ ರಕ್ತ ಕಾಣುವುದು, ಗಂಟೆಗೊಂದು ಪ್ಯಾಡ್ ತುಂಬಿ ಹೋಗುವುದು. ತಿಂಗಳು ತಪ್ಪಿದ ನಂತರದ ನೋವು ಗರ್ಭ ಗರ್ಭಕೋಶದ ಹೊರಗೆ ನಿಂತಿರುವುದರಿಂದ ಇರಬಹುದು, ಅದು ಜೀವಕ್ಕೇ ಅಪಾಯ.

ಇನ್ನು ನಿಧಾನಕ್ಕೆ ಬರುವ ಗುರುತುಗಳು, ಎರಡನೇ ಬಗೆಯ ನೋವಿನವು. ಮೊದಲು ಇಲ್ಲದ ನೋವು 25 ದಾಟಿದ ಮೇಲೆ ಹೊಸದಾಗಿ ಶುರುವಾಗಿದೆ. ವರ್ಷದಿಂದ ವರ್ಷಕ್ಕೆ ಜಾಸ್ತಿಯಾಗುತ್ತಿದೆ. ಮುಟ್ಟಿಗೆ ವಾರ ಮುಂಚೆಯೇ ಬಂದು, ಮುಗಿದ ಮೇಲೂ ಹೋಗುವುದಿಲ್ಲ. ಮಲ ವಿಸರ್ಜನೆಗೆ ಕೂತಾಗ, ಗಂಡನ ಜೊತೆ ಸೇರಿದಾಗ ಒಳಗೆಲ್ಲೋ ನೋವು. ಏಳು ದಿನಕ್ಕಿಂತ ಜಾಸ್ತಿ ಸ್ರಾವ, ಅದರಲ್ಲಿ ಹೆಪ್ಪುಗಟ್ಟಿದ ರಕ್ತದ ದೊಡ್ಡ ದೊಡ್ಡ ಗಡ್ಡೆ. ಕೊನೆಯದಾಗಿ, ಎರಡು ಮೂರು ತಿಂಗಳು ಶಾಖ, ಶುಂಠಿ, ಮಾತ್ರೆ ಎಲ್ಲವನ್ನೂ ಸಮಯಕ್ಕೆ ಸರಿಯಾಗಿ ಮಾಡಿದರೂ ಸ್ಕೂಲು, ಕೆಲಸ ತಪ್ಪುತ್ತಲೇ ಇದೆ. ಇದೊಂದೇ ಇದ್ದರೂ ಸಾಕು, ತೋರಿಸಿ.

ಸ್ತ್ರೀರೋಗ ತಜ್ಞರು ಮೊದಲು ಕೇಳುವುದು ಪ್ರಶ್ನೆ, ಆಮೇಲೆ ಸಾಮಾನ್ಯವಾಗಿ ಸ್ಕ್ಯಾನಿಂಗ್. ಮದುವೆಯಾಗದ ಹುಡುಗಿಯರಿಗೆ ಹೊಟ್ಟೆಯ ಮೇಲಿಂದಲೇ ಸ್ಕ್ಯಾನ್ ಮಾಡಬಹುದು, ಅದಕ್ಕೆ ಹೆದರಿ ಮುಂದೆ ಹಾಕಬೇಡಿ. ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ ಅಂದ ಮಾತ್ರಕ್ಕೆ ಎಂಡೊಮೆಟ್ರಿಯೋಸಿಸ್ ಇಲ್ಲ ಅಂತಲೂ ಅಲ್ಲ, ಸಣ್ಣ ಚುಕ್ಕೆಗಳು ಅದರಲ್ಲಿ ಕಾಣುವುದಿಲ್ಲ. ನನಗೆ ಒಂದು ಕ್ಲಿನಿಕ್ಕಿನಲ್ಲಿ "ಎಲ್ಲಾ ನಾರ್ಮಲ್, ಟೆನ್ಶನ್ ಕಡಿಮೆ ಮಾಡಿ" ಅಂದಿದ್ದರು. ಎರಡನೇ ಡಾಕ್ಟರು ಅದೇ ರಿಪೋರ್ಟ್ ಪಕ್ಕಕ್ಕಿಟ್ಟು "ನೋವು ಯಾವತ್ತು ಶುರು, ಯಾವತ್ತು ಕೊನೆ, ಎಷ್ಟು ಮಾತ್ರೆ ತಗೊಂಡ್ರಿ" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಈಗ ನಮ್ಮ ಅಡುಗೆಮನೆ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬಂದ ದಿನದ ಜೊತೆಗೆ ಇನ್ನೊಂದು ಗುರುತೂ ಇರುತ್ತದೆ. ಮುಟ್ಟಾದ ದಿನಕ್ಕೆ ಒಂದು ಚುಕ್ಕಿ, ಪಕ್ಕದಲ್ಲಿ ನೋವಿಗೆ ಹತ್ತರಲ್ಲಿ ಎಷ್ಟು ಅಂತ ಒಂದು ಅಂಕಿ, ಮಾತ್ರೆ ತೆಗೆದುಕೊಂಡಿದ್ದರೆ "ಮಾ" ಅಂತ, ಶಾಖಕ್ಕೆ "ಶಾ". ಮೂರು ತಿಂಗಳ ಹಾಳೆ ಫೋಟೋ ತೆಗೆದುಕೊಂಡು ಡಾಕ್ಟರಿಗೆ ತೋರಿಸಿದರೆ ಕಾಲು ಗಂಟೆಯ ಮಾತು ಎರಡು ನಿಮಿಷದಲ್ಲಿ ಮುಗಿಯುತ್ತದೆ. ಮೊನ್ನೆ ಮಗ ಆ ಚುಕ್ಕಿ ನೋಡಿ ಇದೇನು ಅಂತ ಕೇಳಿದ. ಹೇಳಿದೆ. ಈ ತಿಂಗಳು ಚುಕ್ಕಿಯ ದಿನ ಬಿಸಿನೀರಿನ ಚೀಲ ಅವನೇ ತುಂಬಿಸಿ ತಂದ, ಬಿರಡೆ ಮಾತ್ರ ಸರಿಯಾಗಿ ಹಾಕಿರಲಿಲ್ಲ.